ಬಳೆಮೂಲಂಗಿಯ ಮೊಗ್ಗು

ಮಂಡ್ಯದ ಭತ್ತದ ಸಂಶೋಧನಾ ತಾಕಿಗೆ ವಿಜ್ಞಾನಿಗಳು ಬರುತ್ತಾರೆ, ಹೋಗುತ್ತಾರೆ. ಪಟ್ಟಲಮ್ಮ ಮಾತ್ರ ಇದ್ದೇ ಇರುತ್ತಾಳೆ. ಮೂವತ್ತೊಂದು ವರ್ಷದಿಂದ ಕೆರಗೋಡಿನ ಏಳೂವರೆ ಬಸ್ಸು ಹಿಡಿದು ಬಂದು ಆಕೆ ಮಾಡುತ್ತಿರುವ ಕೆಲಸ ಒಂದೇ. ಭತ್ತದ ಹೂವಿನ ತುದಿಯನ್ನು ಕತ್ತರಿಯಿಂದ ಓರೆಯಾಗಿ ಸವರಿ, ಒಳಗಿನ ಆರು ಕೇಸರಗಳನ್ನು ಚಿಮಟದಿಂದ ಎತ್ತಿ ಹಾಕಿ, ತೆನೆಗೆ ಕಾಗದದ ಚೀಲ ಕಟ್ಟುವುದು. ಮರುದಿನ ಹತ್ತೂವರೆ ಹೊತ್ತಿಗೆ ಬೇಕಾದ ತಳಿಯ ತೆನೆ ತಂದು ಅದರ ಮೇಲೆ ಕೊಡವುವುದು. ಹೂವೆಂದರೆ ಎಷ್ಟಿರುತ್ತದೆ, ಒಂದು ಭತ್ತದ ಕಾಳಿನಷ್ಟು. ಹೊಸದಾಗಿ ಬಂದ ವಿದ್ಯಾರ್ಥಿಗಳು ಹತ್ತು ಹೂ ಬಿಚ್ಚುವಷ್ಟರಲ್ಲಿ ಏಳನ್ನು ಹಾಳುಗೆಡವಿರುತ್ತಾರೆ. ಪಟ್ಟಲಮ್ಮನ ಕೈಯಲ್ಲಿ ನೂರಕ್ಕೆ ಎರಡು ಹೋದರೆ ಆವತ್ತು ಆಕೆಗೆ ಮುದ್ದೆ ಸೇರುವುದಿಲ್ಲ. ಇದನ್ನೆಲ್ಲ ಆಕೆ ಮನಸ್ಸಿನಲ್ಲೇ ಇಟ್ಟುಕೊಳ್ಳುವ ಹೆಂಗಸಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳುತ್ತಾಳೆ.

ಈ ಹೆಚ್ಚುಗಾರಿಕೆಯೇ ಆಕೆಯನ್ನು ತಾಯಿಯ ಮೂಲಂಗಿಗೆ ಕೈಹಾಕುವಂತೆ ಮಾಡಿದ್ದು.

ಪಟ್ಟಲಮ್ಮನ ತವರು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ. ಅಲ್ಲಿ ಆಕೆಯ ತಾಯಿ ಹೊಂಬಾಳಮ್ಮ ಎಂಬತ್ತು ದಾಟಿದರೂ ತನ್ನ ಹಿತ್ತಲಿನ ಮಡಿಗಳನ್ನು ಮಗನ ಕೈಗೆ ಬಿಟ್ಟುಕೊಟ್ಟವಳಲ್ಲ. ಆ ಮಡಿಗಳಲ್ಲಿ ವರ್ಷಾವರ್ಷ ಒಂದು ಮೂಲಂಗಿ ಬೆಳೆಯುತ್ತಿತ್ತು. ಹೊರಗಿನಿಂದ ನೋಡಿದರೆ ಸಾದಾ ಬಿಳಿ ಗೆಡ್ಡೆ. ಅಡ್ಡ ಕೊಯ್ದರೆ ಒಳಗೊಂದು ನಸುಗೆಂಪು ಬಳೆ, ಯಾರೋ ಅಳತೆ ಹಿಡಿದು ಬರೆದ ಹಾಗೆ. ಊರಿನವರು ಅದಕ್ಕೆ ಬಳೆಮೂಲಂಗಿ ಎನ್ನುತ್ತಿದ್ದರು. ಹೊಂಬಾಳಮ್ಮ ಬೀಜಕ್ಕೆ ಗೆಡ್ಡೆ ಆರಿಸುವ ರೀತಿಯೂ ಆಕೆಯದೇ. ಗೆಡ್ಡೆ ಕಿತ್ತು, ಕೆಳಗಿನ ಅರ್ಧ ಕೊಯ್ದು ಬಳೆ ನೋಡುವುದು. ಬಳೆ ತುಂಬಿದ್ದರೆ ಸೊಪ್ಪಿರುವ ಮೇಲರ್ಧವನ್ನು ಮತ್ತೆ ನೆಟ್ಟು ಹೂವಿಗೆ ಬಿಡುವುದು, ಕೆಳಗಿನದು ಬಸ್ಸಾರಿಗೆ. ಬಳೆ ಮುರಿದಿದ್ದರೆ ಎರಡೂ ಬಸ್ಸಾರಿಗೆ. ಬಂದ ಬೀಜವನ್ನು ಬೂದಿ ಬೆರೆಸಿ ಸೋರೆಬುರುಡೆಯಲ್ಲಿಟ್ಟು ಬಾಯಿಗೆ ಸಗಣಿ ಮೆತ್ತುತ್ತಿದ್ದಳು. ಯಾರು ಕೇಳಿದರೂ ಕೊಡುತ್ತಿದ್ದಳು, ಆದರೆ ಬುರುಡೆಯಲ್ಲಿ ಅರ್ಧ ಉಳಿಸಿಕೊಂಡೇ. ಸ್ವಂತ ಮಗನಿಗೂ ಅರ್ಧದ ಮೇಲೆ ಒಂದು ಕಾಳೂ ಹೋಗಿದ್ದಿಲ್ಲ. ಕೊಂಡೊಯ್ದವರು ಗೆಡ್ಡೆ ತಿಂದು ಮುಗಿಸಿ, ಮರುವರ್ಷ ಬೀಜಕ್ಕೆ ಮತ್ತೆ ಆಕೆಯ ಹತ್ತಿರವೇ ಬರುತ್ತಿದ್ದರು.

ಎರಡು ವರ್ಷದಿಂದ ಬಳೆ ಮುರಿಯತೊಡಗಿತ್ತು. ಪಕ್ಕದ ಕೆಂಪಸಿದ್ದಯ್ಯ ಪೇಟೆಯ ಹೈಬ್ರಿಡ್ ಮೂಲಂಗಿ ಹಾಕಿದ್ದ. ಅಲ್ಲಿನ ಜೇನು ಇಲ್ಲಿಗೆ, ಇಲ್ಲಿನದು ಅಲ್ಲಿಗೆ ಹಾರಾಡಿ ಹೊಂಬಾಳಮ್ಮನ ಗೆಡ್ಡೆಯಲ್ಲಿ ಅರ್ಧ ಬಳೆ, ಕಾಲು ಬಳೆ ಕಾಣಿಸಿಕೊಂಡವು. ಹಬ್ಬಕ್ಕೆ ಹೋಗಿದ್ದ ಪಟ್ಟಲಮ್ಮ ಇದನ್ನು ನೋಡಿ ನಕ್ಕಳು. ಇಷ್ಟಕ್ಕೇ ಚಿಂತೆಯೇ, ತಾನು ದಿನಾ ಮಾಡುವುದು ಇನ್ನೇನು, ಚೀಲ ಕಟ್ಟಿದರೆ ಹೊರಗಿನ ಹೂವಿನ ಧೂಳು ಒಳಗೆ ಬರುವುದಿಲ್ಲ, ಒಂದೇ ವರ್ಷದಲ್ಲಿ ತಳಿ ಶುದ್ಧ ಮಾಡಿ ತಂದುಕೊಡುತ್ತೇನೆ ಎಂದಳು. ಅರ್ಧ ಬೀಜ ಸಾಲದು, ಎಲ್ಲವನ್ನೂ ಬಿತ್ತಿ ಅದರಲ್ಲಿ ಬಳೆ ತುಂಬಿದವನ್ನಷ್ಟೇ ಆರಿಸಬೇಕು ಎಂದೂ ಹೇಳಿದಳು. ಹೊಂಬಾಳಮ್ಮ ಸ್ವಲ್ಪ ಹೊತ್ತು ಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದು, ಆಮೇಲೆ ಮಗಳ ಮಡಿಲಿಗೆ ಪೂರ್ತಿ ಸುರಿದಳು.

“ನಿನ್ ಕೈ ಮ್ಯಾಲೆ ನಂಬ್ಕೆ ಮಡೀಕಂಡು ಕೊಡ್ತಾವ್ನಿ,” ಎಂದಳು. “ಇಲ್ದಿದ್ರೆ ಕೊಡ್ತಿರ್ಲಿಲ್ಲ ಕಣಮ್ಮ.”

ಪಟ್ಟಲಮ್ಮ ಕೆರಗೋಡಿನ ತನ್ನ ಹಿತ್ತಲಲ್ಲಿ ಎಲ್ಲವನ್ನೂ ಬಿತ್ತಿದಳು. ಕೊಯ್ದು ನೋಡಿ ಬಳೆ ತುಂಬಿದ ನಲವತ್ತು ಗೆಡ್ಡೆ ಆರಿಸಿ ನೆಟ್ಟಳು. ಗಂಡ ಚಿಕ್ಕಬೋರಯ್ಯನ ಎರಡು ಹಳೆಯ ಪಂಚೆ ಹರಿದು ನಲವತ್ತು ಚೀಲ ಹೊಲಿದಳು. ಆತ ಗೊಣಗಿದ್ದಕ್ಕೆ, ಮೂಲಂಗಿಗೂ ಮಾನ ಮುಚ್ಚಿಕೊಳ್ಳಲು ಬಟ್ಟೆ ಬೇಕು ಎಂದಳು. ಹೂದಂಟು ಏಳುತ್ತಲೇ ಒಂದೊಂದಕ್ಕೂ ಒಂದೊಂದು ಚೀಲ ತೊಡಿಸಿ, ಇರುವೆ ನುಸುಳಲೂ ಸಂದಿ ಇರದಂತೆ ದಾರ ಸುತ್ತಿದಳು. ನಲವತ್ತರಲ್ಲಿ ಒಂದು ಗಂಟೂ ಸಡಿಲವಾಗಿರಲಿಲ್ಲ.

ಭತ್ತದವರು ಮಾತ್ರ ಮಾಡಬಹುದಾದ ತಪ್ಪು ಇದು. ಭತ್ತದ ಹೂವಿಗೆ ಯಾರ ಹಂಗೂ ಇಲ್ಲ. ಅದು ಬಾಯಿ ತೆರೆಯುವ ಹೊತ್ತಿಗೇ ಅದರದೇ ಧೂಳು ಅದರದೇ ಮೇಲೆ ಬಿದ್ದು ಮದುವೆ ಮುಗಿದಿರುತ್ತದೆ. ಚೀಲ ಹಾಕಿ ಮರೆತರೂ ಕಾಳು ಕಟ್ಟುತ್ತದೆ. ಮೂವತ್ತೊಂದು ವರ್ಷ ಅದನ್ನೇ ನೋಡಿದವಳಿಗೆ ಲೋಕದ ಹೂವೆಲ್ಲ ಹಾಗೆಯೇ ಎಂದು ಅನ್ನಿಸಿದ್ದರಲ್ಲಿ ಅಂಥ ಆಶ್ಚರ್ಯವಿಲ್ಲ.

ಇಪ್ಪತ್ತೈದು ದಿನದ ಮೇಲೆ ಚೀಲ ಬಿಚ್ಚಿದಳು. ಕಾಯಿಗಳು ಕಡ್ಡಿಯಂತೆ ಸಣಕಲಾಗಿದ್ದವು. ಒತ್ತಿದರೆ ಗಾಳಿ. ದಂಟಿನ ತುಂಬ ಹೇನು ಮೆತ್ತಿಕೊಂಡು ರಸ ಹೀರಿ ಗಿಡಗಳನ್ನು ಒಣಗಿಸಿಬಿಟ್ಟಿತ್ತು. ಎರಡನೆಯದು ಬಿಚ್ಚಿದಳು, ಹತ್ತನೆಯದು ಬಿಚ್ಚಿದಳು, ಮೂವತ್ತರ ಹೊತ್ತಿಗೆ ಆಕೆಯ ಬೆರಳುಗಳಿಗೆ ಗಂಟು ಸಿಗದಾಯಿತು. ನಲವತ್ತು ಗಿಡದಲ್ಲಿ ಒಂದೇ ಒಂದು ಬೀಜವಿರಲಿಲ್ಲ. ಬಚ್ಚಲ ನೀರು ಹರಿಯುವ ಕಡೆ ನೆಟ್ಟಿದ್ದ ಒಂದು ಗಿಡ ಮಾತ್ರ ಹಸಿರಾಗಿ ನಿಂತು, ಪಕ್ಕದಿಂದ ಒಂದು ಕೊನೆಯ ಕವಲು ಒಡೆದು, ಅದರ ಬುಡದಲ್ಲಿ ಕೆಲವು ಹೂವು ಅರಳಿ, ತುದಿಯಲ್ಲಿ ಮೊಗ್ಗು ಹಿಡಿದಿತ್ತು. ಭೂಮಿಯ ಮೇಲೆ ಬಳೆಮೂಲಂಗಿ ಎಂದು ಉಳಿದದ್ದು ಅದಿಷ್ಟೇ. ಪಟ್ಟಲಮ್ಮ ಬಚ್ಚಲ ಕಲ್ಲಿನ ಮೇಲೆ ಕೂತು ಅತ್ತಳು. ಪೂರಿಗಾಲಿಯಿಂದ ಫೋನು ಬಂದಾಗ, ಬೀಜ ಇನ್ನೂ ಒಣಗುತ್ತಿದೆ ಎಂದು ಸುಳ್ಳು ಹೇಳಿದಳು.

ತಾಕಿನಲ್ಲಿ ಪರಾಗದ ಮೇಲೆ ಸಂಶೋಧನೆ ಮಾಡುತ್ತಿದ್ದವಳು ಶೋಭಿತಾ, ಮಳವಳ್ಳಿಯ ಮೇಷ್ಟರು ದೇವರಾಜು ಅವರ ಮಗಳು. ಮೊದಲ ವರ್ಷ ಭತ್ತದ ಹೂ ಬಿಚ್ಚುವುದನ್ನು ಆಕೆಗೆ ಕಲಿಸಿದ್ದು ಪಟ್ಟಲಮ್ಮನೇ, ಬೈಯುತ್ತ ಬೈಯುತ್ತ. ಈಗ ಬೈದವಳೇ ಸೆರಗಿನಲ್ಲಿ ಒಣಕಾಯಿ ಕಟ್ಟಿಕೊಂಡು ಬಂದು ನಿಂತಳು. ಬಿಸಿಲು ಜಾಸ್ತಿಯಾಯಿತೋ, ಯಾರ ಕಣ್ಣು ಬಿತ್ತೋ ಎಂದು ಶುರು ಮಾಡಿದಳು. ಶೋಭಿತಾ ಎಲ್ಲ ಕೇಳಿಸಿಕೊಂಡು, ಎಷ್ಟು ಗಿಡಕ್ಕೆ ಚೀಲ ಕಟ್ಟಿದಿರಿ ಎಂದಷ್ಟೇ ಕೇಳಿದಳು. ನಲವತ್ತಕ್ಕೂ ಎಂದಾಗ ಶೋಭಿತಾಳ ಮುಖ ಇಳಿಯಿತು. ಪಕ್ಕದ ಕುರ್ಚಿ ಎಳೆದು ಕೂರಿಸಿ ನಿಧಾನಕ್ಕೆ ಹೇಳಿದಳು.

“ನಿಮ್ ಮೂಲಂಗಿ ತನ್ ಧೂಳನ್ನ ತಾನೇ ಒಳಗೆ ಬಿಟ್ಕೊಳ್ಳಲ್ಲ ಅಕ್ಕ. ಬೇರೆ ಗಿಡದ್ದು ಬಂದ್ರೆ ಮಾತ್ರ ಬಾಗ್ಲು ತೆಗೆಯುತ್ತೆ. ನೀವು ಒಂದೊಂದನ್ನೂ ಒಂಟಿ ಮಾಡಿ ಕಟ್ಬಿಟ್ರಿ.”

ಪಟ್ಟಲಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಗಿಡಕ್ಕೇನು ಗೊತ್ತು ಯಾರ ಧೂಳು ಯಾರದೆಂದು, ಅದಕ್ಕೇನು ಕಣ್ಣಿದೆಯೇ ಎಂದಳು. ಶೋಭಿತಾ ವಾದ ಮಾಡಲಿಲ್ಲ. ನಾಳೆ ಒಂದು ನಾಲ್ಕು ಅರಳಿದ ಹೂ ತನ್ನಿ, ತೋರಿಸುತ್ತೇನೆ ಎಂದಳು.

ಮರುದಿನ ಪಟ್ಟಲಮ್ಮ ಊಟದ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ ಆ ಒಂಟಿ ಗಿಡದ ನಾಲ್ಕು ಹೂ ಮಲಗಿಸಿಕೊಂಡು ಬಸ್ಸು ಹತ್ತಿದಳು. ಆವತ್ತು ಪಕ್ಕ ಕೂತವರಿಗೆ ಏನೂ ಹೇಳಲಿಲ್ಲ. ಎರಡು ಹೂವಿನ ಮೂತಿಗೆ ಅದರದೇ ಧೂಳು, ಇನ್ನೆರಡಕ್ಕೆ ಯಾರೋ ಮಂಡ್ಯದ ಸಂತೆಯಿಂದ ತಂದು ತಾಕಿನ ಬದುವಿನಲ್ಲಿ ನೆಟ್ಟಿದ್ದ ಯಾವುದೋ ಮೂಲಂಗಿಯ ಧೂಳು ಸವರಿದರು. ಪುಸ್ತಕದಲ್ಲಿ ಶಲಾಕಾಗ್ರ ಎಂದು ಕರೆಯುವ ಹೂವಿನ ನಡುವಿನ ತುದಿಗೆ ಪಟ್ಟಲಮ್ಮ ಮೊದಲಿನಿಂದಲೂ ಮೂತಿ ಎಂದೇ ಅನ್ನುವುದು. ಸಂಜೆ ಶೋಭಿತಾ ಆ ಮೂತಿಗಳನ್ನು ಕತ್ತರಿಸಿ ಯಾವುದೋ ನೀರಿನಲ್ಲಿ ನೆನೆಹಾಕಿದಳು. ಮಾರನೆಯ ದಿನ ಬಣ್ಣ ಹಾಕಿ, ಕಿಟಕಿಗೆ ಕಪ್ಪು ಪರದೆ ಎಳೆದ ಕೋಣೆಗೆ ಪಟ್ಟಲಮ್ಮನನ್ನು ಕರೆದಳು. ಮೂವತ್ತೊಂದು ವರ್ಷದಲ್ಲಿ ಆ ಕೋಣೆಯ ನೆಲ ಒರೆಸಿದ್ದಳೇ ಹೊರತು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳಲ್ಲ.

ಮೊದಲು ಬರೀ ಕತ್ತಲೆ ಕಂಡಿತು. ಆಮೇಲೆ ಆ ಕತ್ತಲೆಯೊಳಗೆ ನೀಲಿ ಬೆಳಕಿನ ಒಂದು ಗುಡ್ಡ ಎದ್ದಿತು. ಗುಡ್ಡದ ಮೈತುಂಬ ಬೆರಳಿನಂಥ ಕೂದಲು, ಅದರ ಮೇಲೆ ಅಲ್ಲಲ್ಲಿ ದುಂಡನೆಯ ಕಾಳು. ಅದು ಮೂತಿ, ಇವು ಧೂಳು ಎಂದು ಶೋಭಿತಾ ಹೇಳಿದಳು. ಇಷ್ಟು ವರ್ಷ ತಾನು ಕೊಡವಿದ ಧೂಳಿಗೆ ಒಂದೊಂದಕ್ಕೂ ಒಂದು ದೇಹವಿದೆ ಎಂಬುದು ಪಟ್ಟಲಮ್ಮನಿಗೆ ಗೊತ್ತಿರಲಿಲ್ಲ. ಅದರದೇ ಧೂಳು ಹಾಕಿದ ಹೂವಿನಲ್ಲಿ ಕಾಳುಗಳು ಬಂದ ಕಡೆಯೇ ಕೂತಿದ್ದವು. ಒಂದೆರಡು ಚೂರು ಮೊಳಕೆ ಒಡೆದು, ಮುಂದೆ ದಾರಿ ಸಿಗದೆ ಮುರುಟಿಕೊಂಡಿದ್ದವು. ಪರರ ಧೂಳು ಬಿದ್ದ ಹೂವಿನಲ್ಲಿ ಹಾಗಲ್ಲ. ಒಂದೊಂದು ಕಾಳಿನಿಂದಲೂ ಹೊಳೆಯುವ ಎಳೆಯೊಂದು ಹೊರಟು, ಕೂದಲುಗಳ ನಡುವೆ ನುಸುಳಿ, ನೂರಾರು ಎಳೆಗಳು ಒಟ್ಟು ಸೇರಿ ಕೆಳಗೆ ಬೀಜದ ಗೂಡಿನ ಕಡೆಗೆ ಇಳಿಯುತ್ತಿದ್ದವು. ಪಟ್ಟಲಮ್ಮ ಕಣ್ಣು ತೆಗೆದು ತನ್ನ ಬೆರಳಿಗೆ ಅಂಟಿದ್ದ ಹಳದಿ ಪುಡಿಯನ್ನು ನೋಡಿಕೊಂಡಳು. ಮತ್ತೆ ಕಣ್ಣಿಟ್ಟಳು. ಇಷ್ಟೆಲ್ಲ ಒಳಗೆ ನಡೆಯುತ್ತಿದ್ದಾಗ ತಾನು ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದೆನಲ್ಲ ಎಂದು ಆಕೆಗೆ ನಾಚಿಕೆಯೂ ಆಯಿತು, ಒಂದು ಥರದ ಭಯವೂ ಆಯಿತು.

ಶೋಭಿತಾ ಬಿಡಿಸಿ ಹೇಳಿದಳು. ಪ್ರತಿ ಗಿಡಕ್ಕೂ ತಾಯಿಯಿಂದ ಒಂದು, ತಂದೆಯಿಂದ ಒಂದು ಗುರುತು ಬಂದಿರುತ್ತದೆ. ಆ ಗುರುತು ಧೂಳಿನ ಮೈಮೇಲೆ ಹತ್ತಿರುತ್ತದೆ. ಅದೇ ಗುರುತನ್ನು ಹಿಡಿಯುವ ಕಾವಲು ಮೂತಿಯ ಕೂದಲಿನಲ್ಲೂ ಇರುತ್ತದೆ. ಧೂಳು ಬಂದು ಕೂತೊಡನೆ ಕಾವಲು ಕೇಳುತ್ತದೆ. ಬೇರೆ ಗುರುತಾದರೆ ನೀರು ಕೊಟ್ಟು ಮೊಳೆಯಲು ಬಿಡುತ್ತದೆ. ತನ್ನದೇ ಗುರುತಾದರೆ ನೀರನ್ನೂ ಕೊಡುವುದಿಲ್ಲ.

ಒಂದೇ ಒಕ್ಕಲಿನ ದಾಯಾದಿಗಳು ಹೆಣ್ಣು ಕೇಳಿಕೊಂಡು ಬಂದರೆ ಜಗಲಿಯಲ್ಲೇ ಕೂರಿಸಿ ಕಳಿಸುವ ಹಾಗೆ ಎಂದಳು ಪಟ್ಟಲಮ್ಮ. ನಮ್ಮಲ್ಲಾದರೂ ನೀರು ಕೊಟ್ಟು ಕಳಿಸುತ್ತಾರೆ ಎಂದೂ ಸೇರಿಸಿದಳು. ಈಗ ಎಲ್ಲವೂ ಅರ್ಥವಾಗಿತ್ತು. ಒಂಟಿ ಗಿಡ ತನ್ನ ಧೂಳನ್ನು ಒಲ್ಲದು. ಪೇಟೆಯ ಮೂಲಂಗಿಯ ಧೂಳು ಹಾಕಿದರೆ ಬೀಜವೇನೋ ಕಟ್ಟುತ್ತದೆ, ಬಳೆ ಮುರಿಯುತ್ತದೆ. ತಾಯಿ ತನ್ನ ಕೈ ನಂಬಿ ಬುರುಡೆ ಬರಿದು ಮಾಡಿದ್ದಳು. ಆ ಕೈಯೇ ನಲವತ್ತು ಗಂಟು ಹಾಕಿತ್ತು.

ಆಕೆ ಎದ್ದು ಬಾಗಿಲ ತನಕ ಹೋದವಳು ತಿರುಗಿ ಬಂದಳು. ಮೂವತ್ತೊಂದು ವರ್ಷ ಹೂವಿನ ವಯಸ್ಸು ನೋಡುತ್ತ ಬಂದ ತಲೆ ಅದು, ಸುಮ್ಮನಿರಲಿಲ್ಲ.

“ಆ ಕಾವ್ಲು ಯಾವಾಗಿಂದ ಇರ್ತದವ್ವ?” ಎಂದು ಕೇಳಿದಳು. “ಮೊಗ್ಗಾಗಿದ್ದಾಗ್ಲೂ ಇರ್ತದಾ, ಇಲ್ಲಾ ಅರಳ್ತಾ ಅರಳ್ತಾ ಬತ್ತದಾ?”

ಶೋಭಿತಾ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. ನಾನೇ ನಾಳೆ ಆ ಮಾತು ತೆಗೆಯಬೇಕೆಂದಿದ್ದೆ, ನೀವೇ ಅಲ್ಲಿಗೆ ಬಂದುಬಿಟ್ಟಿರಿ ಎಂದಳು. ಅರಳಲು ಮೂರು ನಾಲ್ಕು ದಿನ ಇರುವಾಗ ಮೂತಿ ತಯಾರಾಗಿರುತ್ತದೆ, ಕಾವಲು ಇನ್ನೂ ಬಂದಿರುವುದಿಲ್ಲ. ಆಗ ಮೊಗ್ಗು ಬಿಚ್ಚಿ, ಅದೇ ಗಿಡದ ಅರಳಿದ ಹೂವಿನ ಧೂಳು ಹಾಕಿದರೆ ಒಳಗೆ ಬಿಟ್ಟುಕೊಳ್ಳುತ್ತದೆ. ಮೂಲಂಗಿ, ಕೋಸಿನ ತಳಿ ಮಾಡುವವರಿಗೆ ಇದು ಹೊಸದಲ್ಲ. ಆದರೆ ಮೊಗ್ಗು ಜೀರಿಗೆಗಿಂತ ತುಸು ದಪ್ಪ, ಮೂತಿ ಚೂರು ನಲುಗಿದರೂ ಕೆಲಸ ಕೆಟ್ಟಿತು, ತನ್ನ ಕೈಯಲ್ಲಂತೂ ಆಗುವ ಮಾತಲ್ಲ ಎಂದಳು.

ಮರುದಿನ ಬೆಳಿಗ್ಗೆ ಶೋಭಿತಾಳೇ ಕೆರಗೋಡಿಗೆ ಬಂದಳು. ಕವಲಿನಲ್ಲಿ ಇಪ್ಪತ್ತೇಳು ಮೊಗ್ಗಿದ್ದವು. ತುದಿಗೆ ಹೋದಷ್ಟೂ ಎಳೆಯವು, ದಿನಕ್ಕೆ ನಾಲ್ಕೈದು ಹದಕ್ಕೆ ಬರುವಂಥವು. ಪಟ್ಟಲಮ್ಮ ಕನ್ನಡಕ ಏರಿಸಿ, ಬಚ್ಚಲ ಕಲ್ಲಿನ ಮೇಲೆ ಕೂತು, ಎಡಗೈಯ ಎರಡು ಬೆರಳ ನಡುವೆ ಮೊಗ್ಗು ಹಿಡಿದಳು. ಸೂಜಿಯ ತುದಿಯಿಂದ ಹಸಿರು ಸಿಪ್ಪೆ ಸೀಳಿ, ಇನ್ನೂ ಮಡಿಸಿಕೊಂಡಿದ್ದ ದಳ ಸರಿಸಿದಳು. ಒಳಗೆ ಆರು ಎಳೆ ಕೇಸರ, ಭತ್ತಕ್ಕೆ ಇದ್ದ ಹಾಗೆಯೇ ಆರು. ಲೆಕ್ಕ ಸರಿಹೋದದ್ದಕ್ಕೆ ಆಕೆಗೆ ಧೈರ್ಯ ಬಂತು. ನಡುವೆ ಮೂತಿ ಸಾಸಿವೆಯ ಚೂರಿನಂತೆ ತಿಳಿ ಹಸಿರಾಗಿ ನಿಂತಿತ್ತು. ಅರಳಿದ ಹೂವಿನ ಒಂದು ಕೇಸರ ಕಿತ್ತು ಅದಕ್ಕೆ ಸೋಕಿಯೂ ಸೋಕದ ಹಾಗೆ ಮುಟ್ಟಿಸಿ, ದಾರದ ಗುರುತು ಕಟ್ಟಿದಳು. ಆರು ದಿನ ಬೆಳಿಗ್ಗೆ ಹೀಗೆ ನಡೆಯಿತು. ಮೇಲೆ ಮತ್ತೆ ಪಂಚೆಯ ಚೀಲ ಬಂತು, ಈ ಸಲ ಒಳಗಿನದನ್ನು ಒಳಗೇ ಕಾಯಲು.

ಇಪ್ಪತ್ತೇಳರಲ್ಲಿ ಒಂದು ಮೊಗ್ಗನ್ನು ನೋಡುವುದಕ್ಕೆಂದು ಕತ್ತರಿಸಬೇಕಾಯಿತು. ಬೇಡ ಎಂದು ಶೋಭಿತಾಳೇ ಹೇಳಿದ್ದಳು, ಒಂದೊಂದೂ ಅಮೂಲ್ಯ ಎಂದು. ಪಟ್ಟಲಮ್ಮ ಕೇಳಲಿಲ್ಲ. ನೋಡದೆ ಒಂದು ತಿಂಗಳು ಕಾಯುವುದು ತನ್ನಿಂದಾಗದು ಎಂದಳು. ಮತ್ತೆ ಕಪ್ಪು ಪರದೆ, ಮತ್ತೆ ನೀಲಿ ಗುಡ್ಡ. ಈ ಸಲ ಗುಡ್ಡ ಚಿಕ್ಕದು, ಕೂದಲು ಗಿಡ್ಡ. ಆದರೆ ಆ ಮಗುವಿನಂಥ ಮೂತಿಯ ಮೇಲೆ ಅದರದೇ ಧೂಳು ಮೊಳೆತಿತ್ತು. ಒಂದಲ್ಲ, ಎರಡಲ್ಲ, ಎಣಿಸಲು ಹೋಗಿ ಮೂವತ್ತಕ್ಕೆ ಕೈಬಿಟ್ಟಳು. ಹೊಳೆಯುವ ಎಳೆಗಳು ಯಾರೂ ತಡೆಯದ ಹೊಸ್ತಿಲು ದಾಟಿ ಸಾಲಾಗಿ ಇಳಿಯುತ್ತಿದ್ದವು. ನಾಲ್ಕು ದಿನ ಕಳೆದಿದ್ದರೆ ಇದೇ ಹೂವು, ಇದೇ ಧೂಳನ್ನು ಹೊರಗೆ ನಿಲ್ಲಿಸುತ್ತಿತ್ತು. ತನ್ನವರು ಯಾರು, ಪರರು ಯಾರು ಎನ್ನುವುದನ್ನು ಇಷ್ಟು ಸಣ್ಣ ಜೀವ ದಿನ ಎಣಿಸಿಕೊಂಡು ಕಲಿಯುತ್ತದೆ ಎಂಬುದು ಪಟ್ಟಲಮ್ಮನಿಗೆ ತಡೆದುಕೊಳ್ಳಲಾರದಷ್ಟು ದೊಡ್ಡದಾಗಿ ಕಂಡಿತು. ದೇವಸ್ಥಾನದಲ್ಲಿ ಮಂಗಳಾರತಿಗೆ ಮುಗಿಯುವಂತೆ ಎರಡೂ ಕೈ ತಾನಾಗಿಯೇ ಎದೆಯ ಹತ್ತಿರ ಬಂದಿದ್ದವು. ಯಾರು ಇದನ್ನೆಲ್ಲ ಬರೆದಿಟ್ಟವರು ಎಂದು ಕೇಳಿದಳು. ಮನೆಯ ಗೋಡೆಯಲ್ಲಿ ತೂಗುವ ಬುದ್ಧನ ಪಟದ ಕೆಳಗೆ ಓದಿ ಬೆಳೆದ ಶೋಭಿತಾ, ಯಾರೂ ಬರೆದದ್ದಲ್ಲ ಅಕ್ಕ, ಉಳಿದುಕೊಂಡು ಬಂದದ್ದು ಎಂದಳು. ಪಟ್ಟಲಮ್ಮನಿಗೆ ಅದು ಇನ್ನೂ ದೊಡ್ಡದೆನಿಸಿತು.

ಇಪ್ಪತ್ತಾರರಲ್ಲಿ ಎಂಟು ಕಾಯಿ ನಿಂತವು. ಮಾರ್ಚಿ ಕೊನೆಗೆ ಒಣಗಿಸಿ ಬಿಡಿಸಿದಾಗ ಹತ್ತೊಂಬತ್ತು ಬೀಜ ಸಿಕ್ಕವು. ಪಟ್ಟಲಮ್ಮನಿಗೆ ಆಗ ಹೊಸ ಚಿಂತೆ ಶುರುವಾಯಿತು. ಹತ್ತೊಂಬತ್ತೂ ಒಂದೇ ಹೊಟ್ಟೆಯವು, ತಾಯಿಯೂ ಅದೇ ತಂದೆಯೂ ಅದೇ. ಮುಂದೆ ಇವು ಒಂದನ್ನೊಂದು ಒಲ್ಲೆ ಎಂದರೆ? ಶೋಭಿತಾ ಹಲಗೆಯ ಮೇಲೆ ಬರೆದು ತೋರಿಸಿದಳು. ತಾಯಿಗಿದ್ದದ್ದು ಎರಡು ಗುರುತು. ಕೆಲವು ಮಕ್ಕಳಿಗೆ ಮೊದಲನೆಯದೇ ಎರಡು ಸಲ ಬಂದಿರುತ್ತದೆ, ಕೆಲವಕ್ಕೆ ಎರಡನೆಯದೇ ಎರಡು ಸಲ. ಆ ಎರಡು ಪಂಗಡ ಒಂದನ್ನೊಂದು ಒಪ್ಪಲೇಬೇಕು. ಎರಡೂ ಗುರುತು ಬಂದವುಗಳಲ್ಲಿ ಒಂದು ಇನ್ನೊಂದನ್ನು ಅಡಗಿಸಿದ್ದರೆ ಅವಕ್ಕೂ ಜೊತೆ ಸಿಗುತ್ತದೆ. ಲೆಕ್ಕ ಹಾಗೆ ಹೇಳುತ್ತದೆ, ಹೂ ಬಿಟ್ಟಾಗ ನೋಡಬೇಕು ಎಂದಳು.

ಮಳೆಗಾಲ ಕಳೆದು ಹಬ್ಬ ಮುಗಿದ ಮೇಲೆ ಪಟ್ಟಲಮ್ಮ ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಪೂರಿಗಾಲಿಗೆ ಹೋದಳು. ಬುರುಡೆ ತುಂಬ ಕೊಟ್ಟಿದ್ದ ತಾಯಿಯ ಮುಂದೆ ಕಾಗದದ ಪೊಟ್ಟಣ ಬಿಚ್ಚಿಟ್ಟು, ಚೀಲದಿಂದ ಹಿಡಿದು ಫೋನಿನ ಸುಳ್ಳಿನ ತನಕ ಎಲ್ಲ ಹೇಳಿಕೊಂಡಳು. ಹೊಂಬಾಳಮ್ಮ ಹತ್ತೊಂಬತ್ತು ಬೀಜವನ್ನು ಅಂಗೈಯಲ್ಲಿ ಹರಡಿಕೊಂಡು ಬೆರಳಿಂದ ಒಂದೊಂದನ್ನೇ ಸರಿಸಿದಳು. ಆಮೇಲೆ ಎದ್ದು ಗುದ್ದಲಿ ಹುಡುಕಿದಳು. ಆ ವರ್ಷ ಕೆಂಪಸಿದ್ದಯ್ಯ ಮೂಲಂಗಿ ಬಿಟ್ಟು ಟೊಮ್ಯಾಟೊ ಹಾಕಿದ್ದ, ಅದೊಂದು ಪುಣ್ಯ.

ಹದಿನಾರು ಮೊಳೆತವು. ಗೆಡ್ಡೆ ಮೊದಲಿನಷ್ಟು ದಪ್ಪವಿರಲಿಲ್ಲ, ಸೊಪ್ಪೂ ಬಡಕಲು. ನಲವತ್ತೈದನೆಯ ದಿನ ಪಟ್ಟಲಮ್ಮ ರಜೆ ಹಾಕಿ ಬಂದಳು. ಹೊಂಬಾಳಮ್ಮ ಕುಡುಗೋಲಿಗೆ ಅಡ್ಡಲಾಗಿ ಹಿಡಿದು ಒಂದೊಂದನ್ನೇ ಕೊಯ್ದಳು. ಮೂರರಲ್ಲಿ ಬಳೆ ಮುರಿದಿತ್ತು. ಹದಿಮೂರರಲ್ಲಿ ತುಂಬಿತ್ತು, ತೆಳ್ಳಗೆ, ಪೂರ್ತಿ ಸುತ್ತಾಗಿ. ಮೇಲರ್ಧ ನೆಟ್ಟರು, ಕೆಳಗಿನದು ಬಸ್ಸಾರಾಯಿತು.

ಡಿಸೆಂಬರಿನಲ್ಲಿ ಹೂ ಬಿಟ್ಟಾಗ ಪಟ್ಟಲಮ್ಮ ಮತ್ತೆ ಬಂದಳು. ಅಭ್ಯಾಸಬಲ, ಚೀಲಗಳನ್ನೂ ತಂದಿದ್ದಳು. ಮಡಿಯ ಬದಿಯಲ್ಲಿ ಅವನ್ನು ಕೈಯಲ್ಲಿ ಹಿಡಿದೇ ನಿಂತಳು. ಹದಿಮೂರು ಗಿಡದ ಮೇಲೂ ಜೇನು ಗುಂಯ್ ಎನ್ನುತ್ತಿತ್ತು. ಅವುಗಳ ಕಾಲಿನ ಪುಡಿ ಯಾವ ಹೂವಿನದು, ಯಾವ ಹೂವು ಯಾವುದನ್ನು ಬಾ ಎನ್ನುತ್ತಿದೆ, ಯಾವುದನ್ನು ಹೊರಗೆ ನಿಲ್ಲಿಸುತ್ತಿದೆ, ಈಗ ಈ ಬಿಸಿಲಿನಲ್ಲಿ ಎಷ್ಟು ಸಾವಿರ ಬಾಗಿಲಲ್ಲಿ ಈ ವಿಚಾರಣೆ ನಡೆಯುತ್ತಿದೆ ಎಂದು ನೆನೆದರೆ ಆಕೆಗೆ ಮೈ ಜುಮ್ಮೆನ್ನುತ್ತಿತ್ತು. ಹೊರಗೆ ಕಾಣುವುದು ಮಾತ್ರ ಒಂದು ಮಡಿ ಮೂಲಂಗಿ. ಚೀಲಗಳನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಫೆಬ್ರವರಿಯಲ್ಲಿ ಕಾಯಿ ಒತ್ತಿದಾಗ ಬೆರಳಿಗೆ ಗಟ್ಟಿ ಕಾಳು ಸಿಕ್ಕಿತು. ಎಲ್ಲ ಗಿಡದಲ್ಲೂ ಸಮನಾಗಿರಲಿಲ್ಲ, ಆದರೆ ಬರಿದಾದದ್ದು ಒಂದೂ ಇರಲಿಲ್ಲ. ಲೆಕ್ಕ ಸುಳ್ಳಾಗಲಿಲ್ಲ ಎಂದು ಶೋಭಿತಾಗೆ ಫೋನು ಮಾಡಿದಾಗ ಆ ಕಡೆಯಿಂದ ತುಂಬ ಹೊತ್ತು ನಗು ಮಾತ್ರ ಕೇಳಿಸಿತು. ತಾಯಿ ಮಗಳು ಜಗಲಿಯಲ್ಲಿ ಕೂತು ಬಡಿದು ತೂರಿದರು. ಬುರುಡೆಯ ಮುಕ್ಕಾಲು ತುಂಬಿತು.

ಹೊರಡುವ ಹೊತ್ತಿಗೆ ಹೊಂಬಾಳಮ್ಮ ಬುರುಡೆ ಎತ್ತಿಕೊಂಡು ಬಂದಳು. ಸೆರಗೊಡ್ಡು ಎಂದಳು. ಒಂದು ಹಿಡಿ ಕೊಡುತ್ತಾಳೆ ಎಂದುಕೊಂಡು ಪಟ್ಟಲಮ್ಮ ಒಡ್ಡಿದಳು. ಮುದುಕಿ ಬುರುಡೆಯನ್ನು ಪೂರ್ತಿ ಬೋರಲು ಮಾಡಿ, ತಳಕ್ಕೆ ಎರಡು ಸಲ ತಟ್ಟಿ, ಒಂದು ಕಾಳೂ ಉಳಿಯದಂತೆ ಸುರಿದಳು.

“ಏನವ್ವ ಇದು, ಎಲ್ಲಾನೂವೆ,” ಎಂದಳು ಪಟ್ಟಲಮ್ಮ.

“ಓದ್ವರ್ಸ ನಿನ್ ಕೈ ನಂಬಿ ಕೊಟ್ಟಿದ್ದೆ,” ಎಂದಳು ಹೊಂಬಾಳಮ್ಮ. “ಈಗ ಆ ಕೈಗೆ ತಪ್ಪು ಅಂದ್ರೇನು ಅಂತಾನೂ ಗೊತ್ತಾಯ್ತು. ತಕಂಡೋಗು.”

ಪಟ್ಟಲಮ್ಮ ಹೊಸ್ತಿಲ ಒಳಗೆ ಕೂತಳು. ಮಡಿಲಿನ ಬೀಜವನ್ನು ಎರಡು ಪಾಲು ಮಾಡಿದಳು, ಭತ್ತದ ಹೂವಿಗೆ ಕತ್ತರಿ ಇಡುವಾಗಿನ ಅದೇ ಎಚ್ಚರದಲ್ಲಿ. ಒಂದು ಪಾಲನ್ನು ತಾಯಿಯ ಬುರುಡೆಗೆ ಹಿಂದಕ್ಕೆ ಸುರಿದು, ಬೂದಿ ಬೆರೆಸಿ, ಬಾಯಿಗೆ ತಾನೇ ಸಗಣಿ ಮೆತ್ತಿದಳು. ಹೊಂಬಾಳಮ್ಮ ಬುರುಡೆಯನ್ನು ಕೈಗೆ ತೆಗೆದುಕೊಂಡಳು.

“ಅರ್ಧ ಇಲ್ಲೇ ಇರ್ಲಿ ಕಣವ್ವ,” ಎಂದು ಪಟ್ಟಲಮ್ಮ ಕೈ ತೊಳೆಯಲು ಎದ್ದಳು. ಮಳವಳ್ಳಿಯ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು.